ಸುಟ್ಟದ್ದು ತರಗೆಲೆ ಮಾತ್ರ

ಈ ವರ್ಷವೂ ನಮ್ಮ ಗುಡ್ಡಕ್ಕೆ ಬೆಂಕಿ ಬಿತ್ತು. ಈ ವರ್ಷವೂ ಅರಣ್ಯ ಇಲಾಖೆಯ ಪತ್ರಿಕಾ ಹೇಳಿಕೆ ಹೊರಬಿತ್ತು. ಮೂರು ದಿನ ಹೊಗೆ ಕುಡಿದು ಕೆಮ್ಮಿದ ನಮಗೆ ನಾಲ್ಕನೆಯ ದಿನ ಪತ್ರಿಕೆ ಓದಿದ ಮೇಲೆ ಎಲ್ಲವೂ ಕ್ಷೇಮವೆಂದು ತಿಳಿಯಿತು: ಮರಗಳಿಗೆ ಯಾವ ಹಾನಿಯೂ ಆಗಿಲ್ಲ, ನೆಲದ ತರಗೆಲೆ ಮಾತ್ರ ಸುಟ್ಟಿದೆ. ಮಲೆನಾಡಿನ ಓದುಗರಿಗೆ ಈ ವಾಕ್ಯ ಹೊಸದಲ್ಲ. ಬೇಸಿಗೆಯ ಬಾಗಿಲಲ್ಲಿ ಮುತ್ತುಗದ ಹೂವಿನ ಹಾಗೆ ಅದೂ ತಪ್ಪದೆ ಅರಳುತ್ತದೆ.

‘ಮಾತ್ರ’ ಎಂಬ ಪದವನ್ನು ಇಲ್ಲಿ ತಂದು ಕೂರಿಸಿದವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ಒಪ್ಪಬೇಕಾದ ಸಂಗತಿಯೂ ಅದರಲ್ಲಿದೆ. ಶೆಟ್ಟಿಹಳ್ಳಿ, ಭದ್ರಾ ಕಡೆಯ ಎಲೆ ಉದುರಿಸುವ ಕಾಡಿನಲ್ಲಿ ಬಲಿತ ಮತ್ತಿ, ತೇಗಗಳು ನೆಲಬೆಂಕಿಯನ್ನು ತಾಳಿಕೊಳ್ಳುತ್ತವೆ, ಮಳೆ ಬಿದ್ದರೆ ಚಿಗುರುತ್ತವೆ, ಸಾಹೇಬರ ಫೋಟೋಕ್ಕೂ ಒದಗುತ್ತವೆ. ಆದರೆ ಆ ಮತ್ತಿಯ ಬುಡದಲ್ಲಿ ಕಳೆದ ಮಳೆಗಾಲದಲ್ಲಿ ಹುಟ್ಟಿದ ಗೇಣುದ್ದದ ಸಸಿ, ತರಗೆಲೆಯ ಬಣ್ಣವನ್ನೇ ನಂಬಿ ನೆಲದ ಮೇಲೆ ಮೊಟ್ಟೆಯಿಡುವ ಕಾಡುಕೋಳಿ ಮತ್ತು ನತ್ತಿಂಗ ಹಕ್ಕಿ, ಓಡಲಾರದ ಆಮೆ, ಬಸವನಹುಳು, ಮೊದಲ ಮಳೆಯನ್ನು ಹಿಡಿದು ಮಣ್ಣಿಗೆ ಇಳಿಸಬೇಕಿದ್ದ ಕೊಳೆತೆಲೆಯ ಪದರ, ಇವೆಲ್ಲವೂ ಆ ‘ಮಾತ್ರ’ದ ಹೊಟ್ಟೆಯೊಳಗೆ ಸೇರಿಹೋಗುತ್ತವೆ. ನಾಲ್ಕಾರು ವರ್ಷ ಒಂದೇ ಸಮನೆ ‘ಮಾತ್ರ’ ಸುಟ್ಟರೆ ಕಾಡಿನಲ್ಲಿ ಅಜ್ಜಂದಿರು ಉಳಿಯುತ್ತಾರೆ, ಮೊಮ್ಮಕ್ಕಳಿರುವುದಿಲ್ಲ. ತೆರವಾದ ಜಾಗಕ್ಕೆ ಲಂಟಾನ, ಯುಪಟೋರಿಯಂ ಕಳೆಗಳು ನುಗ್ಗುತ್ತವೆ, ಮುಂದಿನ ಬೇಸಿಗೆಗೆ ಅವೇ ಒಣಗಿ ಮೊಣಕಾಲಿನ ಬೆಂಕಿಯನ್ನು ತಲೆಯೆತ್ತರಕ್ಕೆ ಏರಿಸುತ್ತವೆ.

ಇಷ್ಟೊಂದು ಕ್ಷುಲ್ಲಕವಾದ ಈ ತರಗೆಲೆಯೇ ಹೆಡಿಗೆ ಹತ್ತಿದ ಕ್ಷಣದಲ್ಲಿ ರಾಷ್ಟ್ರದ ಸಂಪತ್ತಾಗಿಬಿಡುತ್ತದೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಒಣಮರ, ಬಿದ್ದ ಮರ, ಹುಲ್ಲು ಇತ್ಯಾದಿಗಳನ್ನು ತೆಗೆಯಕೂಡದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯಲ್ಲಿ ಆದೇಶಿಸಿತು. ಮರಗಳ್ಳರನ್ನು ತಡೆಯಲು ಬಂದ ಆ ಆದೇಶದ ‘ಇತ್ಯಾದಿ’ಯೊಳಗೆ ನಮ್ಮ ಕೊಟ್ಟಿಗೆಗೆ ಹಾಸುವ ದರಗೂ, ಅಂದರೆ ಇದೇ ತರಗೆಲೆಯೂ, ಬಂದು ಕುಳಿತಿತು. ಕಳೆದ ಜನವರಿಯಲ್ಲಿ ಪಕ್ಕದ ಮನೆಯಾಕೆ ಎರಡು ಹೆಡಿಗೆ ದರಗು ಗುಡಿಸಿ ತರುವಾಗ ಚೆಕ್‌ಪೋಸ್ಟಿನ ಎದುರೇ ಸಿಕ್ಕಿಬಿದ್ದರು. ಹೆಡಿಗೆ ಸಮೇತ ಮಾಲು ವಶವಾಯಿತು. ಇದೇ ತರಗೆಲೆ ಮಾರ್ಚಿನಲ್ಲಿ ಎಕರೆಗಟ್ಟಲೆ ಉರಿದುಹೋದಾಗ ಯಾರ ಮೇಲೆಯೂ ಮೊಕದ್ದಮೆಯಿಲ್ಲ, ಏಕೆಂದರೆ ಆಗ ಅದು ತರಗೆಲೆ ಮಾತ್ರ.

2019ರ ಫೆಬ್ರವರಿಯನ್ನು ನೆನೆಯಿರಿ. ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಡು ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ನೀರು ಹೊತ್ತು ಸುರಿದವು. ಅದೇ ದಿನಗಳಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದ ಪಾರ್ಕಿಂಗ್ ಮೈದಾನದಲ್ಲಿ ಬೆಂಕಿ ಹಬ್ಬಿ ಸುಮಾರು 300 ಕಾರುಗಳು ಭಸ್ಮವಾದವು. ಒಣಹುಲ್ಲು ಹೊತ್ತಿಕೊಂಡದ್ದೇ ಕಾರಣವೆಂದರು. ಆದರೆ ಹುಲ್ಲು ಮಾತ್ರ ಸುಟ್ಟಿದೆ, ಕಾರುಗಳು ಮಳೆಗಾಲದಲ್ಲಿ ತಾವಾಗಿಯೇ ಚಿಗುರುತ್ತವೆ ಎಂದು ಯಾರೂ ಹೇಳಿಕೆ ಕೊಡಲಿಲ್ಲ. ಕಾರಿಗೆ ವಿಮೆಯಿದೆ, ನತ್ತಿಂಗ ಇನ್ನೂ ಕಂತು ಕಟ್ಟಿಲ್ಲ.

ಬೆಂಕಿ ಬಿದ್ದದ್ದು ಹೇಗೆಂಬ ಪ್ರಶ್ನೆಗೆ ಹಿಂದೆಲ್ಲ ಬಿದಿರು ಉತ್ತರ ಕೊಡುತ್ತಿತ್ತು. ಮೆಳೆಗೆ ಮೆಳೆ ಉಜ್ಜಿ ಕಿಡಿ ಹಾರಿತಂತೆ. ನಮ್ಮ ಕಡೆಯ ಬಿದಿರಿಗೆ ಬೀಡಿಯ ಚಟವೂ ಇದ್ದಿರಬೇಕು, ಏಕೆಂದರೆ ಅದು ಉಜ್ಜಿಕೊಳ್ಳುತ್ತಿದ್ದುದು ಹೆಚ್ಚಾಗಿ ರಸ್ತೆಯ ಅಂಚಿನಲ್ಲಿಯೇ. ಈಗ ಬಿದಿರಿನ ಜಾಗಕ್ಕೆ ಉಪಗ್ರಹ ಬಂದಿದೆ. 375 ಮೀಟರಿನ ಚೌಕದಲ್ಲಿ ಶಾಖ ಕಂಡರೆ ಮೊಬೈಲಿಗೆ ಸಂದೇಶ ಬರುತ್ತದೆ. ಉಪಕರಣ ಒಳ್ಳೆಯದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೊಮ್ಮೆ, ರಾತ್ರಿ ಒಂದೂವರೆಯ ಸುಮಾರಿಗೊಮ್ಮೆ. ಗಾಳಿಯೇಳುವ ಮೂರು ಗಂಟೆಯ ಹೊತ್ತಿಗೆ ಹೊತ್ತಿದ ಬೆಂಕಿ ಅಧಿಕೃತವಾಗಿ ಬೆಂಕಿಯೆನಿಸಿಕೊಳ್ಳಲು ನಡುರಾತ್ರಿಯವರೆಗೆ ಕಾಯಬೇಕು. ಎದುರು ದಿಬ್ಬದ ಅಜ್ಜಿಯೊಬ್ಬರು ಹೊಗೆ ಕಂಡು ಮೂರು ಸಲ ಫೋನ್ ಮಾಡಿದರು, ಮೂರು ಸಲವೂ ಬಂದ ಉತ್ತರ, "ನಮಗೆ ಮೆಸೇಜ್ ಬಂದಿಲ್ಲವಲ್ಲ."

ಹುಲ್ಲು ಸವರಿ, ಸುಟ್ಟು, ಬೆಂಕಿ ದಾಟದಂತೆ ಜನವರಿಯೊಳಗೆ ಸಿದ್ಧವಾಗಬೇಕಿದ್ದ ಬರಿನೆಲದ ಪಟ್ಟಿ, ಅಂದರೆ ಬೆಂಕಿರೇಖೆ, ಫೆಬ್ರವರಿ ಕಳೆದರೂ ಕಡತದಲ್ಲಿಯೇ ಇತ್ತು. ಬೆಂಕಿ ಆ ಕಡತವನ್ನು ಮಾತ್ರ ದಾಟಲಿಲ್ಲ.

ಬೆಂಕಿ ಆರಿಸಿದ್ದು ಕೊನೆಗೂ ಸೊಪ್ಪು. ನಮ್ಮೂರಿನ ಹುಡುಗನೊಬ್ಬ ಬೇಸಿಗೆಯ ದಿನಗೂಲಿಯ ಬೆಂಕಿ ಕಾವಲುಗಾರ. ಗಾಳಿಯೂದುವ ಯಂತ್ರದಲ್ಲಿ ಪೆಟ್ರೋಲ್ ಮುಗಿದ ಮೇಲೆ ಅವನು ಹಸಿ ಟೊಂಗೆ ಮುರಿದುಕೊಂಡು ರಾತ್ರಿಯಿಡೀ ಬಡಿದ. ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕುಳಿತು ನೀರು ಕುಡಿಯುವಾಗ ನೋಡಿದೆ: ಹವಾಯಿ ಚಪ್ಪಲಿಯ ಅಟ್ಟೆ ಕರಗಿ ಹಿಮ್ಮಡಿಗೆ ಅಂಟಿಕೊಂಡಿತ್ತು, ಹುಬ್ಬಿನ ಕೂದಲು ಒಂದು ಕಡೆ ಸುಟ್ಟಿತ್ತು. ಎರಡು ತಿಂಗಳ ಕೂಲಿ ಬಂದಿಲ್ಲವೆಂದ. ಬೂಟು ಕೊಡುತ್ತಾರಂತೆ ಎಂದೂ ಹೇಳಿದ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಅವರೂ ತರಗೆಲೆಯೇ? ತಮಾಷೆ ಮಾಡುವ ಉಮೇದು ಇಲ್ಲಿಗೆ ಬಂದಾಗ ನನಗೆ ಬತ್ತಿಹೋಗುತ್ತದೆ. ಕೂಲಿಯನ್ನು ತಿಂಗಳಿಗೆ ಸರಿಯಾಗಿ ಕೊಡಿ, ಕಾಲಿಗೆ ಬೂಟು ಕೊಡಿ, ರೇಖೆಯನ್ನು ಹುಲ್ಲು ಒಣಗುವ ಹೊತ್ತಿಗೆ ಮುಗಿಸಿ. ಇದಕ್ಕೆ ಉಪಗ್ರಹ ಬೇಡ.

ಮೊನ್ನೆ ಚೆಕ್‌ಪೋಸ್ಟಿನ ಹಾದಿಯಲ್ಲಿ ಹೋಗಿದ್ದೆ. ಎಡಬಲಗಳಲ್ಲಿ ಕಪ್ಪು ಗುಡ್ಡ, ಗಾಳಿ ಬೀಸಿದರೆ ಮುಖಕ್ಕೆ ಬೂದಿ. ಕಟ್ಟಡದ ಹಿಂದಿನ ಮಾಡಿನ ಕೆಳಗೆ ಪಕ್ಕದ ಮನೆಯಾಕೆಯ ಎರಡೂ ಹೆಡಿಗೆಗಳು ಚೀಟಿ ಅಂಟಿಸಿಕೊಂಡು ಬೆಚ್ಚಗೆ ಕುಳಿತಿದ್ದವು. ಅಷ್ಟೂ ಗುಡ್ಡದಲ್ಲಿ ಸುಡದೆ ಉಳಿದ ದರಗು ಅದೊಂದೇ.