ಆಟಕ್ಕೆ ಸಂಬಳ

"ಆಟ ಹೊಟ್ಟೆ ತುಂಬಿಸುತ್ತದೆಯೇ?" ಎಂದು ಹಿರಿಯರು ಗದರುವ ಮಾತಿಗೆ ಹ್ಯಾರಿ ರೈಟ್ ಹುಟ್ಟಿದ ಮನೆಯಲ್ಲಿ ಅವಕಾಶವೇ ಇರಲಿಲ್ಲ. ಅಲ್ಲಿ ಅಪ್ಪನ ಹೊಟ್ಟೆಪಾಡೇ ಕ್ರಿಕೆಟ್ ಆಗಿತ್ತು. 1835ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕಕ್ಕೆ ಬಂದ ಹ್ಯಾರಿ ಆಭರಣ ಮಾಡುವ ಕೆಲಸವನ್ನು ಕಲಿತರೂ ಕೊನೆಗೆ ಹಿಡಿದದ್ದು ಅಪ್ಪನ ಹಾದಿಯನ್ನೇ. 1865ರಲ್ಲಿ ಸಿನ್ಸಿನಾಟಿ ನಗರಕ್ಕೆ ಹೋದದ್ದೂ ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಸಂಬಳದಾಳಾಗಿಯೇ. ಬೇಸ್‌ಬಾಲಿನ ಮೊದಲ ವೃತ್ತಿಪರ ತಂಡವನ್ನು ಕಟ್ಟಿದವನು ಮೂಲತಃ ನಮ್ಮ ಪೈಕಿಯವನು ಎಂದು ಕ್ರಿಕೆಟ್ ಪ್ರಿಯರು ಬೀಗಿದರೆ ತಪ್ಪೇನಿಲ್ಲ.

ಆ ಕಾಲದ ಬೇಸ್‌ಬಾಲಿನಲ್ಲಿ ದುಡ್ಡಿಗಾಗಿ ಆಡುವುದು ನಿಷಿದ್ಧವಾಗಿತ್ತು. ಎಂದರೆ, ಎಲ್ಲರಿಗೂ ಗೊತ್ತಿದ್ದ ಗುಟ್ಟಾಗಿ ನಡೆಯುತ್ತಿತ್ತು. ಹ್ಯಾರಿಯ ತಮ್ಮ ಜಾರ್ಜ್ 1867ರಲ್ಲಿ ವಾಷಿಂಗ್ಟನ್ ತಂಡಕ್ಕೆ ಆಡುತ್ತಿದ್ದಾಗ ಅವನನ್ನು ಸರ್ಕಾರಿ ಗುಮಾಸ್ತನೆಂದು ನಮೂದಿಸಲಾಗಿತ್ತು. ಅವನ ಕಚೇರಿಯದೆಂದು ಕೊಟ್ಟಿದ್ದ ವಿಳಾಸವನ್ನು ಹುಡುಕಿಕೊಂಡು ಹೋದವರಿಗೆ ಸಿಗುತ್ತಿದ್ದುದು ಒಂದು ಉದ್ಯಾನ! ಇಂಥ ಗುಮಾಸ್ತಿಕೆಗೆ ಅರ್ಜಿ ಹಾಕದವರು ಯಾರಿದ್ದಾರು?

1869ರಲ್ಲಿ ನಿಯಮ ಸಡಿಲವಾದಾಗ ಹ್ಯಾರಿ ಈ ಕಣ್ಣುಮುಚ್ಚಾಲೆಯನ್ನು ನಿಲ್ಲಿಸಿದ. ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದ ಆಟಗಾರರೆಲ್ಲರಿಗೂ ಬಹಿರಂಗವಾಗಿಯೇ ಸಂಬಳ ನಿಗದಿಯಾಯಿತು. ನಾಯಕನಾದ ಹ್ಯಾರಿಗೆ 1,200 ಡಾಲರ್; ತಮ್ಮ ಜಾರ್ಜ್‌ನಿಗೆ 1,400. ಅಣ್ಣನಿಗಿಂತ ತಮ್ಮನ ಸಂಬಳ ಹೆಚ್ಚಾದರೆ ಏಳುವ ಮುನಿಸನ್ನು ಬಲ್ಲ ನಮಗೆ, ಅಣ್ಣನೇ ಕಟ್ಟಿದ ತಂಡದಲ್ಲಿ ಹೀಗಿತ್ತೆಂಬುದು ಅವನ ಮೇಲಿನ ಗೌರವವನ್ನು ಹೆಚ್ಚಿಸುತ್ತದೆ. ಉದ್ದ ಪ್ಯಾಂಟು ತೊಡುತ್ತಿದ್ದ ಕಾಲದಲ್ಲಿ ಮೊಣಕಾಲವರೆಗಿನ ಚಡ್ಡಿ, ಅದರ ಕೆಳಗೆ ಕಣ್ಣಿಗೆ ಹೊಡೆಯುವ ಕೆಂಪು ಕಾಲುಚೀಲ ಧರಿಸಿ ಹೊರಟ ಈ ತಂಡ, ಆಗಷ್ಟೇ ಪೂರ್ಣಗೊಂಡಿದ್ದ ರೈಲುಮಾರ್ಗದಲ್ಲಿ ಕ್ಯಾಲಿಫೋರ್ನಿಯಾದವರೆಗೂ ಹೋಗಿ ಆಡಿತು. ಆ ವರ್ಷ ಒಂದು ಪಂದ್ಯವನ್ನೂ ಸೋಲಲಿಲ್ಲ.

ಸೋಲು ಬಂದದ್ದು 1870ರ ಜೂನ್ 14ರಂದು, ಬ್ರೂಕ್ಲಿನ್‌ನಲ್ಲಿ. ನಿಗದಿತ ಒಂಬತ್ತು ಇನ್ನಿಂಗ್ಸ್ ಮುಗಿದಾಗ ಎರಡೂ ತಂಡಗಳದ್ದು ಐದೈದು ರನ್. ಎದುರಾಳಿ ಅಟ್ಲಾಂಟಿಕ್ಸ್ ತಂಡದವರು ಪಂದ್ಯ ಸಮವಾಯಿತೆಂಬ ಸಮಾಧಾನದಲ್ಲಿ ಮೈದಾನ ಬಿಡತೊಡಗಿದ್ದರು. ಹ್ಯಾರಿಯೂ ತಲೆಯಾಡಿಸಿದ್ದರೆ ಅಜೇಯವೆಂಬ ಕೀರ್ತಿ ಉಳಿಯುತ್ತಿತ್ತು. ಆದರೆ ನಿಯಮದ ಪ್ರಕಾರ ಆಟ ಮುಂದುವರಿಯಲೇಬೇಕೆಂದು ಅವನು ಪಟ್ಟುಹಿಡಿದ. ನಿಯಮಗಳನ್ನು ಅರೆದು ಕುಡಿದಿದ್ದ ಪತ್ರಕರ್ತ ಹೆನ್ರಿ ಚಾಡ್ವಿಕ್ ಕೂಡ ಅದನ್ನೇ ಹೇಳಿದ. ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಸಿನ್ಸಿನಾಟಿ ಎರಡು ರನ್ ಗಳಿಸಿತು, ಎದುರಾಳಿಗಳು ಮೂರು ಗಳಿಸಿ 8–7ರಿಂದ ಗೆದ್ದರು. ಪಟ್ಟುಹಿಡಿದವನೇ ಸೋತ. ಲೆಕ್ಕಾಚಾರದ ದೃಷ್ಟಿಯಿಂದ ಇದು ದಡ್ಡತನವೇ ಇರಬಹುದು. ನನಗೆ ಮಾತ್ರ ಹ್ಯಾರಿಯ ಗೆಲುವುಗಳೆಲ್ಲ ಸೇರಿದರೂ ಈ ಸೋಲಿನಷ್ಟು ತೂಗುವುದಿಲ್ಲ.

ಖರ್ಚು ಭಾರವಾಗಿ ಕ್ಲಬ್ ಆ ವರ್ಷದ ಕೊನೆಗೆ ಸಂಬಳದ ವ್ಯವಸ್ಥೆಯನ್ನೇ ಕೈಬಿಟ್ಟಿತು. ಹ್ಯಾರಿ ತಂಡದ ಹೆಸರನ್ನೂ ತಮ್ಮನನ್ನೂ ಕರೆದುಕೊಂಡು ಬಾಸ್ಟನ್ನಿಗೆ ಹೋಗಿ, 1872ರಿಂದ 1875ರವರೆಗೆ ಸತತ ನಾಲ್ಕು ಬಾರಿ ಚಾಂಪಿಯನ್‌ಗಿರಿ ಪಡೆದ. ನಡುವೆ 1874ರಲ್ಲಿ ಅಮೆರಿಕದ ಎರಡು ತಂಡಗಳನ್ನು ಇಂಗ್ಲೆಂಡಿಗೂ ಕರೆದೊಯ್ದ. ಅಲ್ಲಿನ ಜನಕ್ಕೆ ಬೇಸ್‌ಬಾಲ್ ಅಷ್ಟಾಗಿ ರುಚಿಸಲಿಲ್ಲ. ಕ್ರಿಕೆಟ್ಟಿನಲ್ಲಿ ಮಾತ್ರ ಈ ಅತಿಥಿಗಳು ಒಂದೂ ಪಂದ್ಯ ಸೋಲದೆ ಮರಳಿದರು. ಇಂಗ್ಲಿಷರ ಹನ್ನೊಂದು ಮಂದಿಗೆ ಎದುರಾಗಿ ಹದಿನೆಂಟು ಮಂದಿ ನಿಂತರೆ ಚೆಂಡು ನುಸುಳುವುದಾದರೂ ಎಲ್ಲಿಂದ?