ತೆಂಗಿನಕಾಯಿಯ ಮೊಮ್ಮಗ

ಅಕ್ಕನ ಮಗಳು ಬಂದಿದ್ದವಳು ಹೋಗುವಾಗ ನಮ್ಮ ಬಚ್ಚಲಲ್ಲಿ ಒಂದು ಶಾಂಪೂ ಬಾರ್ ಬಿಟ್ಟುಹೋದಳು. ಮರೆತು ಬಿಟ್ಟದ್ದಲ್ಲ, ನನ್ನ ಉದ್ಧಾರಕ್ಕೆಂದೇ ಬಿಟ್ಟದ್ದು. ನನ್ನ ತಲೆಯನ್ನು ಒಮ್ಮೆ ಹಿಂದಿನಿಂದ ನೋಡಿದವರು ಯಾರೂ ನನಗೆ ಶಾಂಪೂ ಉಡುಗೊರೆ ಕೊಡುವ ಧೈರ್ಯ ಮಾಡಲಾರರು. ಕಿವಿಗಳ ಮೇಲೆ ಒಂದಿಷ್ಟು, ಕುತ್ತಿಗೆಯ ಹತ್ತಿರ ಒಂದಿಷ್ಟು, ಮಿಕ್ಕಿದ್ದು ಬಯಲು. ಆದರೆ ಅವಳಿಗೆ ಇದು ಕೂದಲಿನ ವಿಷಯವಲ್ಲ, ಸಿದ್ಧಾಂತದ ವಿಷಯ.

"ಮಾಮಾ, ಇದ್ರಲ್ಲಿ ಕೆಮಿಕಲ್ ಒಂದೂ ಇಲ್ಲ. ಪೂರ್ತಿ ನ್ಯಾಚುರಲ್."

"ಕೆಮಿಕಲ್ ಒಂದೂ ಇಲ್ಲದಿದ್ರೆ ಪೊಟ್ಟಣದಲ್ಲಿ ಬರೀ ಗಾಳಿ ಇರಬೇಕಲ್ಲೇ. ಗಾಳೀನೂ ಕೆಮಿಕಲ್ಲೇ ಬಿಡು."

"ನೀವು ಹೀಗೇ ಅಂತೀರ ಅಂತ ಗೊತ್ತಿತ್ತು," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಕೆಲವರು ಬಚ್ಚಲಲ್ಲಿ ಹಾಡುತ್ತಾರೆ, ನಾನು ಪೊಟ್ಟಣ ಓದುತ್ತೇನೆ. ಈ ಪೊಟ್ಟಣದ ಮುಂದುಗಡೆ ದಪ್ಪಕ್ಷರದಲ್ಲಿ 'ಎಸ್‌ಎಲ್‌ಎಸ್ ಇಲ್ಲ' ಎಂದಿತ್ತು. ಶಾಂಪೂಗಳಲ್ಲಿ ನೊರೆ ಬರಿಸಿ ಕೊಳೆ ತೆಗೆಯುವ ಒಂದು ಡಿಟರ್ಜೆಂಟಿನ ಗಿಡ್ಡ ಹೆಸರು ಅದು. ಅದರ ಕೆಳಗೆ 'ತೆಂಗಿನಕಾಯಿಯಿಂದ ಪಡೆದದ್ದು'. ಹಿಂದುಗಡೆ ಘಟಕಗಳ ಪಟ್ಟಿ. ಅಕ್ಷರ ಎಷ್ಟು ಚಿಕ್ಕದೆಂದರೆ ಅದನ್ನು ಓದಲು ಹೊರಟವನ ಬುದ್ಧಿಯೇ ಸರಿಯಿಲ್ಲ ಎನ್ನುವಷ್ಟು. ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕು ಎಂಬುದು ಇಂಥ ಪಟ್ಟಿಗಳ ನಿಯಮ. ಇಲ್ಲಿ ಮೊದಲು ಬಂದದ್ದು ಸೋಡಿಯಂ ಕೋಕೋ ಸಲ್ಫೇಟ್. ಅದರ ಹಿಂದೆಯೇ ಸೋಡಿಯಂ ಕೊಕೊಯ್ಲ್ ಐಸೆಥಯೊನೇಟ್. ಕೊಳೆ ತೆಗೆಯುವ ಕೆಲಸ ಇವೆರಡರದ್ದೇ. ಮುಂದೆ ಒಂದೆರಡು ಎಣ್ಣೆ, ಒಂದು ಪರಿಮಳ, ಯಾವುದೋ ಹೂವಿನ ಲ್ಯಾಟಿನ್ ಹೆಸರು. ಹೂವು ಪಟ್ಟಿಯ ಕಟ್ಟಕಡೆಯಲ್ಲಿ, ಚಿತ್ರದಲ್ಲಿ ಮಾತ್ರ ಎಲ್ಲಕ್ಕಿಂತ ದೊಡ್ಡದಾಗಿ.

ತೆಂಗಿನೆಣ್ಣೆಯಲ್ಲಿ ಒಂದೇ ಬಗೆಯ ಕೊಬ್ಬಿನಾಮ್ಲ ಇರುವುದಿಲ್ಲ. ಎಂಟು ಕಾರ್ಬನ್ನಿನ ಗಿಡ್ಡ ಸರಪಳಿಯಿಂದ ಹದಿನೆಂಟರ ಉದ್ದದ್ದರವರೆಗೆ ಎಲ್ಲ ಇವೆ. ಅವುಗಳಲ್ಲಿ ಸುಮಾರು ಅರ್ಧಪಾಲು ಹನ್ನೆರಡು ಕಾರ್ಬನ್ನಿನ ಲಾರಿಕ್ ಆಮ್ಲ. ಹನ್ನೆರಡರದ್ದನ್ನು ಬೇರೆ ಮಾಡಿ ಸಲ್ಫೇಟ್ ಮಾಡಿದರೆ ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ಮುಂದುಗಡೆ 'ಇಲ್ಲ' ಎಂದು ಪ್ರಮಾಣ ಮಾಡಿದ ಎಸ್‌ಎಲ್‌ಎಸ್. ಬೇರೆ ಮಾಡುವ ಶ್ರಮ ತೆಗೆದುಕೊಳ್ಳದೆ ಇಡೀ ಬಳಗವನ್ನೇ ಸಲ್ಫೇಟ್ ಮಾಡಿದರೆ ಕೋಕೋ ಸಲ್ಫೇಟ್. ಹೀಗಾಗಿ ಅದರ ಹೆಚ್ಚುಕಡಿಮೆ ಅರ್ಧ ಎಸ್‌ಎಲ್‌ಎಸ್ಸೇ. ಹೊರಗೆ ಹಾಕಿದವನು ಹಿತ್ತಿಲ ಬಾಗಿಲಿಂದ ಸಂಸಾರ ಸಮೇತ ಒಳಗೆ ಬಂದಿದ್ದಾನೆ. ಇಷ್ಟಾಗಿ, ಪಟ್ಟಿಯಲ್ಲಿ ಆ ಹೆಸರಿಲ್ಲವಾದ್ದರಿಂದ, ಪೊಟ್ಟಣ ಹೇಳಿದ್ದು ಸುಳ್ಳು ಎನ್ನುವ ಹಾಗೂ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಸುಳ್ಳಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಇನ್ನು 'ತೆಂಗಿನಕಾಯಿಯಿಂದ ಪಡೆದದ್ದು'. ಪಡೆದ ದಾರಿ ಹೀಗಿದೆ. ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ ಒಡೆಯುತ್ತಾರೆ. ಒಡೆದು ಬಂದದ್ದಕ್ಕೆ ತಾಮ್ರದ ವೇಗವರ್ಧಕ ಇಟ್ಟು, 200 ಡಿಗ್ರಿ ದಾಟಿದ ಬಿಸಿಯಲ್ಲಿ, ವಾತಾವರಣದ ಇನ್ನೂರು ಮುನ್ನೂರು ಪಟ್ಟು ಒತ್ತಡದಲ್ಲಿ ಹೈಡ್ರೋಜನ್ ಕುಡಿಸುತ್ತಾರೆ. ಆ ಹೈಡ್ರೋಜನ್ ಸಾಮಾನ್ಯವಾಗಿ ನೆಲದಡಿಯ ಅನಿಲದಿಂದ ತೆಗೆದದ್ದು. ಈಗ ಎಣ್ಣೆ ಹೋಗಿ ಫ್ಯಾಟಿ ಆಲ್ಕೋಹಾಲ್ ಆಯಿತು. ಅದಕ್ಕೆ ಸಲ್ಫರ್ ಟ್ರೈಆಕ್ಸೈಡ್ ತಾಗಿಸಿ, ಹುಟ್ಟಿದ ಆಮ್ಲದ ಉರಿಯನ್ನು ಕಾಸ್ಟಿಕ್ ಸೋಡಾದಿಂದ ಇಳಿಸಿದರೆ ಸಲ್ಫೇಟ್ ಸಿದ್ಧ. 'ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ' ಎಂದವನ ನೆನಪಾಗುತ್ತದೆ. ಅಜ್ಜ ತೆಂಗಿನಕಾಯಿ ಎಂಬುದರಲ್ಲಿ ಅನುಮಾನವಿಲ್ಲ. ಮೊಮ್ಮಗನ ಕೈಯಲ್ಲಿ ತೆಂಗಿನ ವಾಸನೆ ಮಾತ್ರ ಇಲ್ಲ. ಇದ್ದರೆ ಅದು ಪಟ್ಟಿಯಲ್ಲಿರುವ 'ಪರಿಮಳ'ದ್ದು. ಇದೇ ಹನ್ನೆರಡು ಕಾರ್ಬನ್ನಿನ ಆಲ್ಕೋಹಾಲನ್ನು ಪೆಟ್ರೋಲಿಯಂನಿಂದ ಬಂದ ಎಥಿಲೀನಿನಲ್ಲೂ ಕಟ್ಟುತ್ತಾರೆ. ಎರಡು ಬಗೆಯ ಸಲ್ಫೇಟನ್ನು ಒಂದೇ ತಲೆಯ ಎಡಕ್ಕೊಂದು ಬಲಕ್ಕೊಂದು ಹಚ್ಚಿದರೂ ಕೂದಲಿಗೆ ಯಾವುದು ಯಾರ ಮನೆಯದು ಎಂದು ತಿಳಿಯುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಒಬ್ಬರು ಎದ್ದು ನಿಲ್ಲುತ್ತಾರೆ: ಅದಕ್ಕೇ ನೋಡಿ, ಸಾಬೂನೇ ವಾಸಿ, ಸಾಬೂನು ನೈಸರ್ಗಿಕ. ಇವರ ಮೇಲೆ ನನಗೆ ಇನ್ನೂ ಸಿಟ್ಟು. ಸಾಬೂನಿನ ಮರ ಇದ್ದರೆ ತೋರಿಸಲಿ. ಕೊಬ್ಬು ಮರದ್ದೋ ಪ್ರಾಣಿಯದ್ದೋ ಇರಬಹುದು, ಅದನ್ನು ಒಡೆಯುವ ಕ್ಷಾರ ಎಲ್ಲಿಂದ ಬಂತು? ಹಿಂದೆ ಕಡಲಪಾಚಿ ಸುಟ್ಟ ಬೂದಿಯಿಂದ ಬರುತ್ತಿತ್ತು, ಒಪ್ಪಿದೆ. 1791ರಲ್ಲಿ ನಿಕೋಲಾ ಲೆಬ್ಲಾಂಕ್ ಉಪ್ಪಿನಿಂದ ಸೋಡಾ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಆ ಕಾರ್ಖಾನೆಗಳು ಉಗುಳಿದ ಆಮ್ಲದ ಅನಿಲವನ್ನು ತಾಳಲಾರದೆ ಬ್ರಿಟನ್ನು 1863ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಸಾಬೂನಿಗೂ ಶಾಂಪೂವಿಗೂ ನಿಜವಾದ ವ್ಯತ್ಯಾಸ ಬೇರೆ ಇದೆ: ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸಾಬೂನಿನದು 9ರಿಂದ 10, ತಲೆಚರ್ಮದ್ದು 5.5ರ ಆಸುಪಾಸು, ಗಡಸು ನೀರಿನಲ್ಲಿ ಸಾಬೂನು ಸುಣ್ಣದಂಶದ ಜೊತೆ ಸೇರಿ ಜಿಡ್ಡುಗಟ್ಟಿ ಕೂದಲಿಗೆ ಅಂಟುತ್ತದೆ. ಆದರೆ ಇದನ್ನೆಲ್ಲ ಕೇಳಲು ಯಾರಿಗೂ ಇಷ್ಟವಿಲ್ಲ. ಎಲ್ಲರಿಗೂ ಬೇಕಾದದ್ದು ಕುಲಗೋತ್ರ.

ಸಾಬೂನಿನ ಒಳಗೆ ಏನಿದೆ ಎಂದು ಮೊದಲು ಬಿಡಿಸಿ ನೋಡಿದವರ ಬಗ್ಗೆ ಎರಡು ಮಾತು ಹೇಳಬೇಕು. ಎರಡೇ ಅಂದರೆ ನಂಬಬೇಡಿ.

ಹೆಸರು ಮಿಶೆಲ್ ಯೂಜೀನ್ ಶೆವ್ರಲ್, ರಸಾಯನವಿಜ್ಞಾನಿ. 1786ರಲ್ಲಿ ಫ್ರಾನ್ಸಿನ ಆಂಜೇ ಪಟ್ಟಣದಲ್ಲಿ ಹುಟ್ಟಿದರು. 1811ರ ಸುಮಾರಿಗೆ ಇವರ ಕೈಗೆ ಹಂದಿಕೊಬ್ಬಿನಿಂದ ಮಾಡಿದ ಒಂದು ಸಾಬೂನು ಬಂತು. ನಾವಾಗಿದ್ದರೆ ಮೈ ತೊಳೆದುಕೊಳ್ಳುತ್ತಿದ್ದೆವು. ಇವರು ಅದನ್ನು ಒಡೆದು ನೋಡಿದರು. ಆಮ್ಲ ಸಿಕ್ಕಿತು. ಕೊಬ್ಬೆಂದರೆ ಕೊಬ್ಬಿನಾಮ್ಲಗಳು ಗ್ಲಿಸರಿನ್ ಜೊತೆ ಕಟ್ಟಿಕೊಂಡ ಕಟ್ಟು, ಕ್ಷಾರ ಹಾಕಿದಾಗ ಕಟ್ಟು ಬಿಚ್ಚುತ್ತದೆ ಎಂಬ ಈಗಿನ ತಿಳಿವಳಿಕೆಯ ಬುಡ ಇದು. 1823ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದರು. ಸ್ಟಿಯರಿಕ್ ಆಮ್ಲದಿಂದ ಮೇಣದಬತ್ತಿ ಮಾಡಬಹುದೆಂದು ಗೇ-ಲ್ಯುಸಾಕ್ ಎಂಬ ಇನ್ನೊಬ್ಬ ರಸಾಯನವಿಜ್ಞಾನಿಯ ಜೊತೆ ಸೇರಿ ಪೇಟೆಂಟ್ ಪಡೆದರು. ಆ ಬತ್ತಿ ಹಳೆಯ ಕೊಬ್ಬಿನ ಬತ್ತಿಯಂತೆ ನಾರುತ್ತಿರಲಿಲ್ಲ, ಹೊಗೆಯೂ ಕಡಿಮೆ. ಅದೇ ಸುಮಾರಿಗೆ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥರಾಗಿ ಹೋದರು. ಅಲ್ಲಿ ಕಪ್ಪು ಬಣ್ಣ ಸರಿಯಾಗಿ ಹಿಡಿಯುತ್ತಿಲ್ಲ ಎಂಬ ದೂರು. ಬಣ್ಣದಲ್ಲಿ ದೋಷವಿಲ್ಲ, ಪಕ್ಕದ ನೂಲಿನ ಬಣ್ಣ ಕಣ್ಣನ್ನು ಮೋಸ ಮಾಡುತ್ತಿದೆ ಎಂದು ತೋರಿಸಿ, 1839ರಲ್ಲಿ ಅದರ ಮೇಲೂ ಒಂದು ದಪ್ಪ ಪುಸ್ತಕ ಬರೆದರು. ದೂರು ಕೊಟ್ಟವರಿಗೆ ಇಷ್ಟು ದೀರ್ಘ ಉತ್ತರ ಕೊಟ್ಟ ಅಧಿಕಾರಿ ಇನ್ನೊಬ್ಬರಿರಲಾರರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅವರ ಲೋಲಕದ ಪ್ರಯೋಗ. ದಾರಕ್ಕೆ ಕಬ್ಬಿಣದ ಉಂಗುರ ಕಟ್ಟಿ ಪಾದರಸದ ಮೇಲೆ ಹಿಡಿದರೆ ತಾನಾಗಿ ತೂಗುತ್ತದೆ, ಅದರಲ್ಲೊಂದು ಶಕ್ತಿಯಿದೆ ಎಂದು ಆಗ ಜನ ನಂಬಿದ್ದರು. ಶೆವ್ರಲ್ ಹಿಡಿದು ನೋಡಿದರು; ತೂಗಿತು. ನಡುವೆ ಗಾಜಿನ ಹಲಗೆ ಇಟ್ಟರು; ನಿಂತಿತು. ಗಾಜು ಶಕ್ತಿಯನ್ನು ತಡೆಯಿತು ಎಂದು ಅಷ್ಟಕ್ಕೇ ಮುಗಿಸಬಹುದಿತ್ತು. ಇವರು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡರು. ತಮಗೆ ತಿಳಿಯದಂತೆ ಗಾಜು ಇಡಲು, ತೆಗೆಯಲು ಬೇರೆಯವರಿಗೆ ಹೇಳಿದರು. ಈಗ ಗಾಜು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ತೂಗಿಸುತ್ತಿದ್ದದ್ದು ತಮ್ಮದೇ ಕೈ, ಮನಸ್ಸು ಬಯಸಿದಂತೆ, ತಮಗೇ ಅರಿವಿಲ್ಲದೆ, ಎಂದು 1833ರಲ್ಲಿ ಭೌತವಿಜ್ಞಾನಿ ಆಂಪೇರ್ ಅವರಿಗೆ ಪತ್ರ ಬರೆದರು. ಪೊಟ್ಟಣದ ಮುಂದುಗಡೆ ಮಾತ್ರ ಓದುವ ನನ್ನ ನೆಂಟರಿಷ್ಟರಿಗೆಲ್ಲ ಈ ಪತ್ರದ ಪ್ರತಿ ಹಂಚಬೇಕೆಂದಿದ್ದೇನೆ.

ಬಾಲ್ಯದಲ್ಲಿ ಗಿಲೋಟಿನ್ ಕಂಡ ಈ ಮನುಷ್ಯರು ಐಫೆಲ್ ಗೋಪುರ ಎದ್ದು ನಿಲ್ಲುವವರೆಗೂ ಇದ್ದರು. ಗೋಪುರದ ಮೇಲೆ ಕೊರೆದ 72 ಹೆಸರುಗಳಲ್ಲಿ ಇವರದ್ದೂ ಒಂದು. ಅದು ಉದ್ಘಾಟನೆಯಾದ ಮುಂದಿನ ತಿಂಗಳೇ, 1889ರ ಏಪ್ರಿಲ್‌ನಲ್ಲಿ, 102ರ ವಯಸ್ಸಿನಲ್ಲಿ ಹೋದರು. ನೂರು ತುಂಬಿದಾಗ ಛಾಯಾಗ್ರಾಹಕ ನಾದಾರ್ ತಂದೆ-ಮಗ ಬಂದು ಅಪ್ಪ ಮಾತಾಡಿಸುತ್ತಿದ್ದಂತೆ ಮಗ ಫೋಟೋ ತೆಗೆದ. ಆ ಫೋಟೋಗಳು ಈಗಲೂ ನೋಡಲು ಸಿಗುತ್ತವೆ. ನಾನು ನೋಡುವುದು ಒಂದನ್ನೇ: ಕೂದಲು. ನೂರು ವರ್ಷದ ತಲೆಯ ಮೇಲೆ ದಟ್ಟವಾಗಿ, ಬೆಳ್ಳಗೆ, ಯಾರ ಮಾತೂ ಕೇಳದೆ ಎದ್ದು ನಿಂತ ಕೂದಲು. ಸಲ್ಫೇಟಿನ ಶಾಂಪೂ ಅವರ ತಲೆಗೆ ಬಿದ್ದಿರಲಾರದು; ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ಡ್ರೀನ್ ಬಂದದ್ದೇ 1934ರಲ್ಲಿ. ಬಣ್ಣ, ಕೊಬ್ಬು, ಆಯಸ್ಸು ಎಲ್ಲ ಆಮೇಲೆ. ನಾನು ಅಲ್ಲಿದ್ದಿದ್ದರೆ ಮೊದಲು ಕೇಳುತ್ತಿದ್ದದ್ದು, ಸ್ವಾಮಿ, ತಲೆಗೆ ಏನು ಹಚ್ಚುತ್ತೀರಿ?

ಇದನ್ನೆಲ್ಲ ಅಕ್ಕನ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಶೆವ್ರಲ್ ಗೋಬ್ಲಾಂಗೆ ಹೋಗುವ ಹೊತ್ತಿಗೆ ಅವಳು ನನ್ನನ್ನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯಲು ಶುರುಮಾಡಿದ್ದು ಕೇಳಿಸಿತು. ಕೊನೆಗೆ, "ಮಾಮಾ, ನ್ಯಾಚುರಲ್ಲೋ ಅಲ್ವೋ, ಒಂದೇ ಮಾತಲ್ಲಿ ಹೇಳಿ," ಎಂದಳು.

ಒಂದೇ ಮಾತಿನಲ್ಲಿ ಹೇಳುವಂತಿದ್ದರೆ ನಾನು ಪೊಟ್ಟಣ ಬರೆಯುವ ಕೆಲಸಕ್ಕೇ ಸೇರುತ್ತಿದ್ದೆ. ಡಿಟರ್ಜೆಂಟ್ ಎಂದ ಕೂಡಲೇ ಕಾರ್ಖಾನೆ ನೆನಪಾಗುವುದೂ ನ್ಯಾಯವಲ್ಲ. ಅಂಟುವಾಳದ ಕಾಯಲ್ಲಿರುವ ಸಪೋನಿನ್ ಮರವೇ ಮಾಡಿದ ಡಿಟರ್ಜೆಂಟು. ಅದೂ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ನೀರಿಗೆ ಹೆಚ್ಚು ಬಿದ್ದರೆ ಮೀನು ಸಾಯುತ್ತದೆ. ನಮ್ಮ ಪಿತ್ತರಸದ ಲವಣಗಳು ಮಾಡುವುದೂ ಕೊಬ್ಬನ್ನು ನೀರಿನಲ್ಲಿ ಬೆರೆಸುವ ಡಿಟರ್ಜೆಂಟ್ ಕೆಲಸವೇ. ಶ್ವಾಸಕೋಶದ ಒಳಗೋಡೆಗೂ ಅಂಥದ್ದೇ ಒಂದು ಲೇಪ ಇದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅದು ಸಾಲದೆ ಉಸಿರಾಟಕ್ಕೆ ಕಷ್ಟವಾಗುತ್ತದೆ. 'ಡಿಟರ್ಜೆಂಟ್-ಮುಕ್ತ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ಉಸಿರಾಡುತ್ತಿರುವುದು ಅದರ ದಯೆಯಿಂದ.

ಪಟ್ಟಿಯ ಎರಡನೆಯ ಹೆಸರು, ಆ ಐಸೆಥಯೊನೇಟ್, ಇನ್ನೂ ತಮಾಷೆಯದು. 1930ರ ಸುಮಾರಿಗೆ ಜರ್ಮನಿಯ ರಾಸಾಯನಿಕ ಕಂಪನಿ ಐ.ಜಿ. ಫಾರ್ಬೆನ್‌ನಲ್ಲಿ ಹುಟ್ಟಿದ ಬಳಗದ್ದು. ಚರ್ಮಕ್ಕೆ ಸೌಮ್ಯ, ಕೂದಲಿಗೂ ಸೌಮ್ಯ, ಈ ಬಾರುಗಳ ಮಟ್ಟಿಗೆ ನನ್ನ ಮತವೂ ಅದಕ್ಕೇ. ಅದರ ಅಣುವಿಗೆ ಜಿಡ್ಡು ಹಿಡಿಯುವ ಬಾಲ, ನೀರು ಹಿಡಿಯುವ ತಲೆ ಎರಡೂ ಇವೆ: ಬಾಲ ತೆಂಗಿನದು, ತಲೆ ಎಥಿಲೀನ್ ಆಕ್ಸೈಡಿನಿಂದ ಮಾಡಿದ್ದು, ಅದು ಸಾಮಾನ್ಯವಾಗಿ ಪೆಟ್ರೋಲಿಯಂ ಕಡೆಯದು. ಹನ್ನೆರಡು ಕಾರ್ಬನ್ನಿನ ಬಾಲ ಎಂದಿಟ್ಟುಕೊಂಡು ಕಾರ್ಬನ್ ಎಣಿಸಿದರೆ 14ರಲ್ಲಿ 12 ತೆಂಗಿನವು. ಬಹುಮತ ಭರ್ಜರಿಯಾಗಿದೆ. ತೂಕ ಹಾಕಿದರೆ ಮಾತ್ರ ತೆಂಗಿನ ಪಾಲು ಅರ್ಧವನ್ನು ಆಗಷ್ಟೇ ದಾಟುತ್ತದೆ. ಕಾರ್ಬನ್ ಎಲ್ಲಿಂದ ಬಂತೆಂದು ಕಂಡುಹಿಡಿಯಲು ಪುರಾತತ್ವದವರು ಬಳಸುವ ಕಾರ್ಬನ್-14 ಪರೀಕ್ಷೆಯೇ ಸಾಕು: ಮೊನ್ನೆಯ ತೆಂಗಿನಲ್ಲಿ ಅದು ಇರುತ್ತದೆ, ಕೋಟ್ಯಂತರ ವರ್ಷ ಹೂತಿದ್ದ ಪೆಟ್ರೋಲಿಯಂನಲ್ಲಿ ಉಳಿದಿರುವುದಿಲ್ಲ. ಆದರೆ ಈ ಪರೀಕ್ಷೆಗೆ ಸಲ್ಫೇಟಿನೊಳಗಿನ ಗಂಧಕ, ಅಂದರೆ ಸಲ್ಫರ್, ಕಾಣುವುದಿಲ್ಲ. ಇವತ್ತಿನ ಗಂಧಕದ ಬಹುಪಾಲು ಕಚ್ಚಾ ತೈಲ, ಅನಿಲ ಶುದ್ಧಿ ಮಾಡುವಾಗ ಸಿಗುವ ಉಪೋತ್ಪನ್ನ. ಹಾಗಾಗಿ ನೂರಕ್ಕೆ ನೂರು ತೆಂಗಿನ ಕಾರ್ಬನ್ ಇರುವ ಸಲ್ಫೇಟಿನೊಳಗೂ ರಿಫೈನರಿ ಒಂದು ಮೂಲೆಯಲ್ಲಿ ಕೂತಿರುತ್ತದೆ. ಆ ಪೆಟ್ರೋಲಿಯಂ ಮಾತ್ರ ಏನು, ಒಂದು ಕಾಲಕ್ಕೆ ಬಿಸಿಲಿನಲ್ಲಿ ತೇಲುತ್ತಿದ್ದ ಪ್ಲವಕ ತಾನೇ? ಅಜ್ಜಂದಿರನ್ನು ಹುಡುಕುವುದಾದರೆ ಅದರ ಮನೆತನವೇ ಹಳೆಯದು.

ಇಂಥ ಜಗಳ ಬಗೆಹರಿಸಲೆಂದೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 16128 ಎಂಬ ಮಾರ್ಗಸೂಚಿ ಇದೆ, 2016 ಮತ್ತು 2017ರಲ್ಲಿ ಎರಡು ಭಾಗವಾಗಿ ಬಂದದ್ದು. ರಾಸಾಯನಿಕವಾಗಿ ಮಾರ್ಪಟ್ಟ ಘಟಕದಲ್ಲಿ ಅಣುತೂಕದ ಲೆಕ್ಕದಲ್ಲೋ ಕಾರ್ಬನ್ ಲೆಕ್ಕದಲ್ಲೋ ಅರ್ಧಕ್ಕಿಂತ ಹೆಚ್ಚು ನಿಸರ್ಗದ ಪಾಲಿದ್ದರೆ ಅದು 'ನಿಸರ್ಗಜನ್ಯ'. ಅರ್ಧವೇ ಏಕೆ, ಮೂರರಲ್ಲಿ ಎರಡು ಏಕಲ್ಲ ಎಂದು ಕೇಳಬೇಡಿ. ಸಮಿತಿಗಳಲ್ಲಿ ಕೂತವರಿಗೆ ಉತ್ತರ ಗೊತ್ತಿರುತ್ತದೆ. ಇದೇ ಲೆಕ್ಕದಲ್ಲಿ ನೀರಿಗೆ ಪೂರ್ತಿ ಅಂಕ, ಮತ್ತು ಒಟ್ಟು ಶೇಕಡವನ್ನು ನೀರು ಸೇರಿಸಿಯೇ ಹೇಳಿಕೊಳ್ಳಲು ಅವಕಾಶವಿದೆ. ಒಂದು ಬಾಟಲಿ ಶಾಂಪೂವಿನಲ್ಲಿ ನೂರಕ್ಕೆ 80 ಪಾಲು ನೀರು, ಉಳಿದ 20 ಪಾಲು ಶೇಕಡ 60ರಷ್ಟು ನಿಸರ್ಗದ ಪಾಲಿರುವ ಡಿಟರ್ಜೆಂಟ್ ಎಂದಿಟ್ಟುಕೊಳ್ಳಿ. ಬಾಟಲಿಯ ಮೇಲೆ 'ಶೇಕಡ 92 ನೈಸರ್ಗಿಕ' ಎಂದು ಹಾಕಬಹುದು. ಅದೇ ಡಿಟರ್ಜೆಂಟಿನ ಬಾರಿಗೆ 60 ದಾಟದು. ನೀರು ಬೇಡ, ಬಾಟಲಿ ಬೇಡ ಎಂದು ಗಟ್ಟಿಯಾದದ್ದೇ ಬಾರು ಮಾಡಿದ ಒಂದು ಒಳ್ಳೆಯ ಕೆಲಸ, ಅಂಕ ಕಳೆದದ್ದೂ ಅದಕ್ಕೇ. ಹಾಗೆಂದು ನಿರಾಶರಾಗಬೇಕಿಲ್ಲ. ಬಾರನ್ನು ಒಂದು ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಲೆಕ್ಕದ ಪ್ರಕಾರ ಕ್ಷಣಮಾತ್ರದಲ್ಲಿ ಅಪ್ಪಟ ನೈಸರ್ಗಿಕಕ್ಕೆ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಅಷ್ಟೂ ಸಾಲದು ಎನ್ನುವವರು ಎರಡನೆಯ ಬಕೆಟ್ ತುಂಬಿಸಿ.