ವಿದೇಶದ ತಂಡವನ್ನು ನೋಡಲು ಯಾರು ಹೋಗಬೇಕು?

ನಮ್ಮ ಕಾರ್ಖಾನೆಗಳಿಂದ ವಿದೇಶಕ್ಕೆ ಹೋಗುವವರು ಯಾರು ಎಂಬುದು ಹೆಚ್ಚಾಗಿ ಮೊದಲೇ ತೀರ್ಮಾನವಾಗಿರುತ್ತದೆ. ಮಾರ್ಕೆಟಿಂಗ್‌ನವರು, ಪ್ಲಾಂಟ್ ಹೆಡ್, ಕೆಲವೊಮ್ಮೆ ಮಾಲೀಕರ ಮನೆಯವರು. ಕೆಲಸದ ಒಳಗುಟ್ಟು ಬಲ್ಲವರು ಇಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿರುತ್ತಾರೆ. ಇದು ಸರಿಯಲ್ಲ ಎಂದು ಬಹಳ ಕಾಲದಿಂದ ಅನಿಸುತ್ತಿತ್ತು. ಕಳೆದ ವರ್ಷ ಜರ್ಮನಿಯಲ್ಲಿರುವ ನಮ್ಮ ವಿನ್ಯಾಸ ತಂಡದ ಜೊತೆ ಕುಳಿತು ಕೆಲಸ ಮಾಡಿ ಬಂದ ಮೇಲೆ ಅದನ್ನು ಗಟ್ಟಿಯಾಗಿ ಹೇಳಬೇಕೆನಿಸಿದೆ.

ನಾನು ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಗುಣಮಟ್ಟ ವಿಭಾಗದಲ್ಲಿದ್ದೇನೆ. ಶಿವಮೊಗ್ಗ ಎಂದರೆ ಅಡಿಕೆ, ಜೋಗ, ಸಾಹಿತ್ಯ ಎನ್ನುವ ಎಷ್ಟೋ ಮಂದಿಗೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಗೊತ್ತಿಲ್ಲ. 1918ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಈ ಸೀಮೆಯ ಜನರಿಗೆ ಕುಲುಮೆಯ ಕೆಲಸ ಕಲಿಸಿತು. ತಾತ ಅಲ್ಲಿ, ಮೊಮ್ಮಗ ಇಲ್ಲಿ ಎನ್ನುವ ಮನೆಗಳು ನಮ್ಮ ನಡುವೆ ಇವೆ. ಇಲ್ಲಿ ಎರಕ ಹೊಯ್ದ ಬಿಡಿಭಾಗಗಳು ವಿದೇಶಕ್ಕೂ ಹೋಗುತ್ತವೆ.

ನಮ್ಮನ್ನು ಕಾಡುತ್ತಿದ್ದದ್ದು ಒಂದು ಪಂಪ್‌ನ ಹೊರಕವಚ. ಎರಕದೊಳಗೆ ಟೊಳ್ಳು ಬೇಕಾದ ಕಡೆ ಮರಳು ಮತ್ತು ರಾಳದಿಂದ ಮಾಡಿದ ಕೋರ್ ಇಡುತ್ತೇವೆ. ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನ ಕಬ್ಬಿಣ ಅದನ್ನು ಮುಟ್ಟಿದಾಗ ರಾಳ ಉರಿದು ಅನಿಲವಾಗುತ್ತದೆ. ಕೋರ್ ತೇವ ಹೀರಿಕೊಂಡಿದ್ದರೆ ಅನಿಲ ಇನ್ನೂ ಹೆಚ್ಚು. ಹೊರಹೋಗಲು ದಾರಿ ಸಾಲದಿದ್ದರೆ ಕಬ್ಬಿಣದೊಳಗೇ ಗುಳ್ಳೆಯಾಗಿ ಉಳಿಯುತ್ತದೆ. ಶಿವಮೊಗ್ಗ ಆಗುಂಬೆಯಲ್ಲ, ಅಲ್ಲಿನ ಏಳು ಸಾವಿರ ಮಿಲಿಮೀಟರ್ ಮಳೆ ಇಲ್ಲಿ ಬೀಳುವುದಿಲ್ಲ. ಆದರೆ ಜೂನ್ ಕಳೆಯುತ್ತಿದ್ದಂತೆ ಇಲ್ಲಿನ ಗಾಳಿಯಲ್ಲೂ ತೇವ ನಿಲ್ಲುತ್ತದೆ.

ಮಳೆಗಾಲ ಬಂದಾಗಲೆಲ್ಲ ತಿರಸ್ಕೃತ ಎರಕಗಳ ರಾಶಿ ಬೆಳೆಯುತ್ತಿತ್ತು. "ಕೋರ್‌ನ ತೇವಾಂಶ ನಿಯಂತ್ರಿಸಿ" ಎಂದು ಜರ್ಮನಿಯ ವಿನ್ಯಾಸ ತಂಡದಿಂದ ಇಮೇಲ್, "ನಿಯಂತ್ರಿಸುತ್ತಿದ್ದೇವೆ" ಎಂದು ಇಲ್ಲಿಂದ ಉತ್ತರ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಅವರು ದಿನ ಆರಂಭಿಸುವ ಹೊತ್ತಿಗೆ ನಮ್ಮಲ್ಲಿ ಊಟದ ಸಮಯ. ವಿಡಿಯೋ ಕರೆಯಲ್ಲಿ ಎಲ್ಲರೂ ತಮ್ಮ ತಮ್ಮ ತಪ್ಪಿಲ್ಲವೆಂದು ತೋರಿಸುವ ಚಾರ್ಟ್ ಹಿಡಿದು ಕೂರುತ್ತಿದ್ದರು. ಯಾರೂ ಕೆಟ್ಟವರಲ್ಲ. ಆದರೂ ವಿಷಯ ಒಂದಂಗುಲವೂ ಮುಂದೆ ಹೋಗಲಿಲ್ಲ.

ಪ್ರಯಾಣದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದ್ದರೂ ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೇ ಹೋಗಬೇಕು, ವಿದೇಶಕ್ಕೆ ಹಾರುವುದೂ ಅಲ್ಲಿಂದಲೇ. ಆಹ್ವಾನ ಪತ್ರ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಕಾಗದಗಳ ಒಂದು ಕಟ್ಟು. ಬಟ್ಟೆಗಳ ನಡುವೆ ಸುತ್ತಿಟ್ಟು ನಾನು ಒಯ್ದದ್ದು ಅಡ್ಡಡ್ಡ ಕೊಯ್ದ ಒಂದು ಕೆಟ್ಟ ಎರಕದ ತುಂಡು.

ಸ್ಟಟ್‌ಗಾರ್ಟ್‌ ಸಮೀಪದ ಆ ಕಚೇರಿಯಲ್ಲಿ ಅದನ್ನು ಮೇಜಿನ ಮೇಲಿಟ್ಟೆ. ಆ ಭಾಗವನ್ನು ವಿನ್ಯಾಸ ಮಾಡಿದ ಯುವತಿ ತೋರುಬೆರಳನ್ನು ಗುಳ್ಳೆಯೊಳಗೆ ಇಳಿಸಿದಳು. ಉಗುರು ಪೂರ್ತಿ ಮುಳುಗಿತು. ಒಳಮೈ ನುಣುಪಾಗಿ ಹೊಳೆಯುತ್ತಿತ್ತು, ಅನಿಲದ ಗುಳ್ಳೆಯ ಗುರುತೇ ಅದು. ಅವಳು ಅದುವರೆಗೆ ನೋಡಿದ್ದದ್ದು ಎಕ್ಸ್‌ರೇ ಚಿತ್ರದ ಒಂದು ಕಪ್ಪು ಚುಕ್ಕೆಯನ್ನು ಮಾತ್ರ. ಬೆರಳು ತೆಗೆಯದೆ ಕೇಳಿದಳು: "ಮಾಡಿದ ಎಷ್ಟು ಗಂಟೆಗೆ ನಿಮ್ಮ ಕೋರ್ ಹಾಳಾಗುತ್ತದೆ?"

ಇಮೇಲ್‌ಗಳಲ್ಲಿ ಒಮ್ಮೆಯೂ ಬಾರದ ಪ್ರಶ್ನೆ ಅದು. ಉತ್ತರ ಇದ್ದದ್ದು ಕೋರ್ ತಯಾರಿಸುವ ನಮ್ಮ ಕೋರ್ ಶಾಪಿನ ಹಿರಿಯರೊಬ್ಬರ ಬಳಿ. ಕೋರನ್ನು ಉಗುರಿನಿಂದ ತಟ್ಟಿ, ಸದ್ದು ಕೇಳಿ, ಇಡಬಹುದೋ ಬೇಡವೋ ಎಂದು ಹೇಳುವವರು ಅವರು. ಅಲ್ಲಿಂದಲೇ ಫೋನ್ ಮಾಡಿದೆ. "ಪುನರ್ವಸು ಮಳೆ ಹಿಡಿಯಿತೆಂದರೆ ಬೆಳಿಗ್ಗೆ ಮಾಡಿದ್ದು ಸಂಜೆಗೆ ಬೇರೆಯೇ ಸದ್ದು ಕೊಡುತ್ತದೆ ಸಾರ್. ಅದರಲ್ಲೂ ಆ ಸಣಕಲು ಕುತ್ತಿಗೆಯ ಕಡೆ ಮೊದಲು. ನಾನು ಅವಾಗಿನಿಂದ ಹೇಳುತ್ತಲೇ ಇದ್ದೇನಲ್ಲ" ಎಂದರು. ನಾನು ಅನುವಾದಿಸುತ್ತಾ ಹೋದೆ, ಅವಳು ಪರದೆಯ ಮೇಲೆ ಆ ಕುತ್ತಿಗೆಯನ್ನು ತಿರುಗಿಸುತ್ತಾ ಹೋದಳು. ಸಂಜೆಯೊಳಗೆ ಕೋರ್‌ನ ಎರಡೂ ತುದಿಗಳನ್ನು ದಪ್ಪ ಮಾಡಿ, ಅನಿಲ ಹೊರಹೋಗಲು ನಡುವೆ ದಾರಿ ಬಿಡುವ ಹೊಸ ಡ್ರಾಯಿಂಗ್ ಸಿದ್ಧವಾಗಿತ್ತು.

ಅವರ ಕಷ್ಟವೂ ನನಗೆ ಅಲ್ಲೇ ಅರ್ಥವಾದದ್ದು. ಆ ಹೊರಕವಚದ ಗೋಡೆಯನ್ನು ಅವರು ತೆಳುವಾಗಿಸಿರುವುದು ಹಟಕ್ಕಲ್ಲ. ಯಂತ್ರದ ತೂಕ ಇಳಿಸಬೇಕೆಂದು ಗ್ರಾಹಕರು ಒಂದೊಂದು ಗ್ರಾಂಗೂ ಲೆಕ್ಕ ಕೇಳುತ್ತಾರೆ. ಆ ಒತ್ತಡದಲ್ಲಿ ದಿನಗಟ್ಟಲೆ ಕುಳಿತು ಗೆರೆ ಎಳೆದವಳನ್ನು "ಕುರ್ಚಿ ಬಿಟ್ಟು ಏಳದ ಎಂಜಿನಿಯರ್" ಎಂದು ಇಲ್ಲಿ ಜರಿಯುವುದನ್ನು ನಾನು ಇನ್ನು ಸುಮ್ಮನೆ ಕೇಳಿಸಿಕೊಳ್ಳಲಾರೆ.

ಆ ಫೋನ್ ಕರೆಯ ಬದಲು ಆ ಹಿರಿಯರೇ ಆ ಮೇಜಿನ ಬಳಿ ಇರಬೇಕಿತ್ತು ಎಂಬುದೇ ನನ್ನ ಮಾತು. ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬರದಿದ್ದರೇನು? ಪಕ್ಕದಲ್ಲಿ ನನ್ನಂಥವನೊಬ್ಬ ಕುಳಿತರೆ ಸಾಕು. ಅಲ್ಲಿನ ಎರಕದ ಅಚ್ಚು ಕಟ್ಟುವ ಕೆಲಸಗಾರರಲ್ಲೂ ಇಂಗ್ಲಿಷ್ ಬಾರದವರನ್ನು ನಾನು ಕಂಡೆ. ಅವರನ್ನು ಯಾರೂ ಕಡಿಮೆ ಎಂದುಕೊಂಡಿರಲಿಲ್ಲ. ಇನ್ನು ಖರ್ಚಿನ ಮಾತು. ಕೆಟ್ಟ ಎರಕಗಳ ಬದಲಿಗೆ ಒಳ್ಳೆಯವನ್ನು ಅವಸರದಲ್ಲಿ ವಿಮಾನದಲ್ಲಿ ಕಳುಹಿಸಿದ ಬಿಲ್ ನೋಡಿದವರು ಒಂದು ಟಿಕೆಟ್‌ಗಾಗಿ ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ಅವರು ಬರುವ ರೀತಿಯೂ ಬದಲಾಗಬೇಕು. ಜರ್ಮನಿಯ ತಂಡ ಬರುವುದು ಡಿಸೆಂಬರ್ ಅಥವಾ ಜನವರಿಯಲ್ಲಿ, ಹವೆ ಹಿತವಾಗಿರುತ್ತದೆ ಎಂದು ನಾವೇ ಕೊಡುವ ಸಲಹೆಯಂತೆ. ಆಗ ಕೋರ್‌ಗಳು ಒಣಗಿ ಗರಿಗರಿಯಾಗಿರುತ್ತವೆ, ನೆಲಕ್ಕೆ ಹೊಸ ಬಣ್ಣ ಬಳಿದಿರುತ್ತದೆ, ಊಟದ ನಂತರ ಸಣ್ಣ ಧಾರೆಯಾಗಿ ಇಳಿಯುವ ಜೋಗವನ್ನು ತೋರಿಸಿ ಕಳುಹಿಸುತ್ತೇವೆ. ಅವರು ಜುಲೈನಲ್ಲಿ ಬರಬೇಕು. ಕರೆಂಟ್ ಹೋಗಿ ಜನರೇಟರ್ ಗುಡುಗುವಾಗ ಕೋರ್ ಶಾಪಿನಲ್ಲಿ ಒಂದು ಪೂರ್ತಿ ಶಿಫ್ಟ್ ನಿಲ್ಲಬೇಕು. ಆಮೇಲೆ ಜೋಗಕ್ಕೂ ಹೋಗಲಿ, ಮಂಜು ಸರಿದರೆ 253 ಮೀಟರ್ ಎತ್ತರದಿಂದ ಬೀಳುವ ನಿಜವಾದ ಜೋಗವನ್ನೇ ನೋಡುತ್ತಾರೆ.

ಹೊಸ ಡ್ರಾಯಿಂಗ್‌ನಂತೆ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ತಿದ್ದಿದ ಮೇಲೆ ಬಂದ ಮಳೆಗಾಲದಲ್ಲಿ ತಿರಸ್ಕೃತ ಎರಕಗಳ ಆ ರಾಶಿ ಕಣ್ಣಿಗೆ ಕಾಣುವಷ್ಟು ಕರಗಿದೆ. ಜುಲೈನಲ್ಲಿ ಬನ್ನಿ ಎಂದು ಪತ್ರ ಬರೆದಾಗಿದೆ. ಮುಂದಿನ ಪ್ರವಾಸದ ಪಟ್ಟಿಗೆ ಕೋರ್ ಶಾಪಿನ ಹಿರಿಯರ ಹೆಸರು ಕೊಟ್ಟಿದ್ದೇನೆ, ಅದು ಇನ್ನೂ ಮಂಜೂರಾಗಿಲ್ಲ. ಅವರು ಮಾತ್ರ ಕಾಯದೆ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದಾರೆ.